ಜಾರುತ್ತಿದ್ದ ಕಪ್ಲಿಂಗ್, ಮಾತಾಡದ ಭಾವ

ಆರು ಜನರ ಎದುರು ನನ್ನ ಹೆಂಡತಿಯ ಅಣ್ಣ ಹೇಳಿದ ಮಾತು ನನಗೆ ಇವತ್ತಿಗೂ ಅರಗಿಲ್ಲ. “ಯಂತ್ರಕ್ಕೇನೂ ಆಗಿಲ್ಲ. ಓಡಿಸೋನ ಕೈ ಒಂದ್ಸಲ ನೋಡಿ” ಅಂದುಬಿಟ್ಟರು. ಬೇರೆಯವರಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಭಾವ ಅಂತ ಹಲ್ಲು ಕಚ್ಚಿಕೊಂಡು ನಿಂತೆ.

ಅವರು ನಮ್ಮ ಕಾರ್ಖಾನೆಯ ರಿಪೇರಿ ಫಿಟ್ಟರ್. ನಾನು ಅಲ್ಲೇ, ಕಂಪ್ಯೂಟರ್ ಲೆಕ್ಕದಲ್ಲಿ ಲೋಹ ಕೊರೆಯುವ ಸಿಎನ್‌ಸಿ ಮಿಲ್ಲಿಂಗ್ ಯಂತ್ರ ಓಡಿಸುವವನು. ಎಲ್ಲರೂ ಅವರನ್ನು ‘ನಿಧಾನ’ ಅಂತಲೇ ಕರೆಯುತ್ತಿದ್ದರು. ಏನು ಕೇಳಿದರೂ ಮೊದಲು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುವರು. ಉತ್ತರ ಆಮೇಲೆ, ಅದೂ ಬಂದರೆ. ಅವರ ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದವರು. ಸ್ಪ್ಯಾನರುಗಳನ್ನು ಭಾವ ಹಳೆಯ ಬಟ್ಟೆಯಲ್ಲಿ ಎಳೆಗೂಸಿನ ಹಾಗೆ ಸುತ್ತಿಡುತ್ತಿದ್ದರು. ನನ್ನ ಮದುವೆಯ ಮಾತುಕತೆಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಕೋಪ ಜಾಸ್ತಿಯಾ?” ನಾನು ಕೋಪದಿಂದಲೇ “ಇಲ್ಲ” ಅಂದಿದ್ದೆ.

ಯಂತ್ರದ ತೊಂದರೆ ಏನೆಂದರೆ, ಪರದೆಯ ಮೇಲೆ ಅಂಕಿ ಸರಿಯಾಗಿರುತ್ತಿತ್ತು, ಕೆಲಸ ತಪ್ಪಾಗಿರುತ್ತಿತ್ತು. ಬೆಳಿಗ್ಗೆ ಕೊರೆದ ತೂತುಗಳು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಎಡಕ್ಕೆ ಸರಿದಿರುತ್ತಿದ್ದವು. ಮರುದಿನ ನಾನು ಹೊಸದಾಗಿ ಸೊನ್ನೆ, ಅಂದರೆ ಅಳತೆ ಶುರುವಾಗುವ ಜಾಗ, ಹೊಂದಿಸಿದರೆ ಮತ್ತೆ ಸರಿ. ಟೂಲು ಬದಲಿಸಿದೆ. ತುಂಡು ಹಿಡಿಯುವ ವೈಸ್ ಬಿಚ್ಚಿ ಕಟ್ಟಿದೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಪ್ರೋಗ್ರಾಮನ್ನು ಸಾಲಿನ ಮೇಲೆ ಬೆರಳಿಟ್ಟು ಮೂರು ಸಲ ಓದಿದೆ. ಏನೂ ಹೊಳೆಯಲಿಲ್ಲ. ಭಾವ ಬಂದು ನೋಡಿ ಆ ಮಾತು ಅಂದಿದ್ದು ಆಗಲೇ. ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ.

“ಇನ್ನೊಂದು ಟ್ರೇ ಹೀಗೆ ಬಂತೋ, ನೀನು ಉಜ್ಜೋ ಮೇಜಿಗೆ” ಅಂದ ಸೂಪರ್‌ವೈಸರ್. ತುಂಡುಗಳ ಅಂಚನ್ನು ಅರದಿಂದ ಉಜ್ಜುವ ಮೇಜು ಅದು. ಅಲ್ಲಿಂದ ಎದ್ದು ಈ ಯಂತ್ರದ ಮುಂದೆ ನಿಲ್ಲಲು ನನಗೆ ಹನ್ನೊಂದು ವರ್ಷ ಹಿಡಿದಿತ್ತು.

ಭಾವನನ್ನು ಮತ್ತೆ ಕರೆಸಿದರು. ನಾನು ಮುಖ ತಿರುಗಿಸಿ ನಿಂತೆ. ಅವರು ವಿದ್ಯುತ್ ತೆಗೆದು, ಬೀಗ ಹಾಕಿ, ಮೋಟಾರಿನ ಪಕ್ಕದ ಮುಚ್ಚಳ ಬಿಚ್ಚಿದರು. ಒಳಗೆ ಮುಷ್ಟಿಗಾತ್ರದ ಕಪ್ಲಿಂಗ್. ಮೋಟಾರಿನ ದಂಡವನ್ನು, ಯಂತ್ರದ ಮೇಜನ್ನು ಸರಿಸುವ ಉದ್ದನೆಯ ಸ್ಕ್ರೂಗೆ ಕೂಡಿಸುವುದು ಅದೇ. ದಂಡದಿಂದ ಕಪ್ಲಿಂಗಿಗೆ ಅಡ್ಡಲಾಗಿ ಒಂದು ಬಿಳಿ ಗೆರೆ ಎಳೆದರು.

“ನಾಳೆ ಬೆಳಿಗ್ಗೆ ಸೊನ್ನೆ ಮುಟ್ಟಬೇಡ.”

“ಮತ್ತೆ ನಿಮ್ಮ ತಂಗಿ ಮುಖ ನೋಡ್ಕೊಂಡು ಕೊರೀಲಾ?”

“ಅವಳು ನಿನ್ನ ಮುಖ ನೋಡ್ಕೊಂಡು ಇಷ್ಟು ವರ್ಷ ಸಂಸಾರ ಮಾಡಿಲ್ವಾ” ಅಂದು ಹೊರಟುಹೋದರು.

ಮರುದಿನ ಮಧ್ಯಾಹ್ನ ನೋಡಿದರೆ ಬಿಳಿ ಗೆರೆ ಎರಡಾಗಿ, ಉಗುರಿನ ದಪ್ಪ ದೂರ ಸರಿದಿತ್ತು. ಮೋಟಾರು ತನ್ನ ಸುತ್ತು ಎಣಿಸಿ ಪರದೆಗೆ ಸರಿಯಾದ ಲೆಕ್ಕವನ್ನೇ ಕೊಡುತ್ತಿತ್ತು. ಅದರ ದಂಡ ಮಾತ್ರ ಕಪ್ಲಿಂಗಿನೊಳಗೆ ಜಾರುತ್ತಿತ್ತು. ನಾನು ದಿನಾ ಬೆಳಿಗ್ಗೆ ಶ್ರದ್ಧೆಯಿಂದ ಸೊನ್ನೆ ಹೊಂದಿಸಿ, ಹಿಂದಿನ ದಿನ ಜಾರಿದ್ದನ್ನು ಮುಚ್ಚುತ್ತಿದ್ದೆ.

ಭಾವ ಕಪ್ಲಿಂಗಿನ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿದರು. ನಾಲ್ಕು ಬೋಲ್ಟಿನಲ್ಲಿ ಎರಡು ಸಡಿಲ. ಕಪ್ಲಿಂಗ್ ಕಳಚಿ, ತೂತಿನೊಳಗೆ ಬೆರಳಾಡಿಸಿ ಮೂಸಿದರು.

“ಇಲ್ಲಿಗೆ ಎಣ್ಣೆ ಹೇಗೆ ಬಂತು?”

“ನಾನೇ. ಶನಿವಾರ ಶನಿವಾರ ಮುಚ್ಚಳದ ಆ ಕಿಂಡಿಯಿಂದ ನಾಲ್ಕು ಹನಿ ಬಿಡ್ತೀನಿ.” ತಿರುಗುವುದಕ್ಕೆಲ್ಲ ಎಣ್ಣೆ ಬೇಕು ಅಂತ ನಂಬಿದವನು ನಾನು. ಯಾರೂ ಹೇಳದೆ ಮಾಡುತ್ತಿದ್ದೆ, ಅದು ನನ್ನ ಹೆಮ್ಮೆ.

“ಇದು ಒಣಗೇ ಇರ್ಬೇಕು ಕಣಯ್ಯ. ಬಿಗಿ ಹಿಡ್ಕೊಳ್ಳೋದೇ ಇದರ ಕೆಲಸ” ಅಂದರು, ಮೆಲ್ಲಗೆ.

ಅಷ್ಟರಲ್ಲಿ ಸೂಪರ್‌ವೈಸರ್ ಬಂದು ಬೆನ್ನ ಹಿಂದೆ ನಿಂತ. “ಎಣ್ಣೆನಾ ಅದು? ಯಾರು ಬಿಟ್ಟಿದ್ದು?”

ಮಾತಿಗೆ ಮುಂಚೆ ಜಗಳಕ್ಕೆ ನಿಲ್ಲುವ ನಾನು ಬಗ್ಗಿ, ಬಿಚ್ಚಿಟ್ಟ ಬೋಲ್ಟುಗಳನ್ನು ಎಣಿಸತೊಡಗಿದೆ. ಭಾವ ಕನ್ನಡಕ ಒರೆಸಿದರು.

“ನಂದೇ. ಹೋದ ಸಲ ಬಿಚ್ಚಿದಾಗ ಬಿದ್ದಿರ್ಬೇಕು.”

ಆಮೇಲೆ ದಂಡವನ್ನೂ ತೂತನ್ನೂ ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದರು. ನಾಲ್ಕು ಬೋಲ್ಟುಗಳನ್ನು ಎದುರುಬದುರಾಗಿ, ಅಳತೆಯ ಸ್ಪ್ಯಾನರ್ ‘ಟಕ್’ ಅನ್ನುವ ತನಕ ಬಿಗಿದರು. ಯಂತ್ರದ ಮೇಜಿಗೆ ಅಳತೆಯ ಡಯಲ್ ಇಟ್ಟು ಐವತ್ತು ಸಲ ಓಡಿಸಿದೆವು. ಐವತ್ತು ಸಲವೂ ಮುಳ್ಳು ಅದೇ ಜಾಗಕ್ಕೆ ಬಂತು. ನನ್ನ ಯಂತ್ರ ನನಗೆ ಉಳಿಯಿತು.

ಸೋಮವಾರ ಭಾವನನ್ನು ರಿಪೇರಿಯಿಂದ ತೆಗೆದು, ಕಾರ್ಖಾನೆಗೆಲ್ಲ ಒತ್ತಿದ ಗಾಳಿ ಕಳಿಸುವ ಕಂಪ್ರೆಸರ್ ಕೋಣೆಗೆ ಹಾಕಿದರು. ದಿನವಿಡೀ ಗಡಗಡ, ಒಂದು ಸ್ಟೂಲು, ಒಂದು ಒತ್ತಡದ ಮೀಟರು.

ಹೆಂಡತಿ ಅನ್ನ ಬಡಿಸುತ್ತಾ ಕೇಳಿದಳು: “ಅಣ್ಣ ಎಣ್ಣೆ ಚೆಲ್ಲಿದ್ನಂತೆ? ಅವನು ಹಾಗೆಲ್ಲ ಮಾಡೋನಲ್ವಲ್ಲ.”

“ವಯಸ್ಸಾಯ್ತು” ಅಂದೆ.

ಯಾಕೆ ಹಾಗೆ ಮಾಡಿದರೋ ನನಗೆ ಗೊತ್ತಾಗಿಲ್ಲ. ತಂಗಿಗಾಗಿಯೋ? ನನ್ನ ಮೇಲಿನ ಕನಿಕರವೋ? ಅಥವಾ ಇವನ ಕೈಲಿ ಒಪ್ಪಿಕೊಳ್ಳುವುದೂ ಆಗುವುದಿಲ್ಲ ಅನ್ನುವ ತಾತ್ಸಾರವೋ? ಒಂದು ಯೋಚನೆಗೆ ಕಣ್ಣಲ್ಲಿ ನೀರು ಬರುತ್ತದೆ, ಇನ್ನೊಂದಕ್ಕೆ ಮೈ ಉರಿಯುತ್ತದೆ. ಒಮ್ಮೆ ಕೇಳಿಯೂ ಬಿಟ್ಟೆ: “ಯಾಕೆ ಹಾಗಂದ್ರಿ, ಭಾವ?”

“ಏನಂದೆ?” ಅಂದರು. ಕಿವಿ ಮಂದವಾಗಿತ್ತೋ, ಬೇಕಂತಲೇ ಅಂದರೋ.

ಎರಡು ವರ್ಷ ಆ ಸ್ಟೂಲಿನ ಮೇಲೆ ಕೂತು ನಿವೃತ್ತರಾದರು. ಅಷ್ಟು ದಿನವೂ ನಾನು ಸೂಪರ್‌ವೈಸರನ ಕೋಣೆಯ ಮುಂದೆ ಹಾದು ಹೋಗಿದ್ದೇನೆ. ಎಣ್ಣೆ ನನ್ನದು ಅಂತ ಹೇಳಬೇಕಿತ್ತು. ಹೇಳಲಿಲ್ಲ. ಈಗ ಆ ಸೂಪರ್‌ವೈಸರೂ ಕೆಲಸ ಬಿಟ್ಟು ಎಲ್ಲಿಗೋ ಹೋದ. ಹೇಳುವುದಾದರೂ ಯಾರಿಗೆ?