ಡಾಕ್ಟರಮ್ಮನ ಅಂಬಾಸಿಡರ್

ತುಮಕೂರಿನಲ್ಲಿ ಹಳೇ ಕಾರಿನ ಹುಚ್ಚು ಹತ್ತಿದವರು ನಾವು ಏಳೆಂಟು ಜನ ಇದ್ದೇವೆ. ಹೊಲದಲ್ಲಿ ಮುಯ್ಯಾಳು ಇದ್ದ ಹಾಗೆ ನಮ್ಮದೂ: ಈ ಭಾನುವಾರ ನಿನ್ನ ಗಾಡಿಗೆ ನಾನು ಮೈ ಬಗ್ಗಿಸಿದರೆ, ಮುಂದೆ ನನ್ನ ಗಾಡಿಗೆ ನೀನು. ಕೂಲಿಯ ಮಾತಿಲ್ಲ, ಗಾಡಿಯ ಯಜಮಾನ ಎಲ್ಲರಿಗೂ ತಟ್ಟೆ ಇಡ್ಲಿ ತರಬೇಕು ಅಷ್ಟೇ. ಮುಯ್ಯಿ ತಿಂದವನು ಒಲ್ಲೆ ಎನ್ನುವ ಹಾಗಿಲ್ಲ. ಈ ಪದ್ಧತಿಯನ್ನು ಕಂಡಕಂಡವರ ಮುಂದೆ ಹೊಗಳಿಕೊಂಡು ತಿರುಗಿದವನೇ ನಾನು.

ನನ್ನ ಗಾಡಿ ಗೇರ್ ಬಾಕ್ಸ್ ಕೆಟ್ಟು ಶೆಡ್ಡಿನಲ್ಲಿ ನಿಂತಿದ್ದಾಗ, ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಗುಬ್ಬಿಯವನೊಬ್ಬ ಎಲ್ಲಿಂದಲೋ ಒಂದು ಗೇರ್ ಬಾಕ್ಸ್ ತಂದ. ದಿನವಿಡೀ ನನ್ನ ಜೊತೆ ಗಾಡಿಯ ಕೆಳಗೆ ಮಲಗಿ ಕೂರಿಸಿದ. ದುಡ್ಡು ಕೊಡಹೋದರೆ, "ಏ ಬುಡಣ್ಣ, ಮುಯ್ಯಿ ಅಲ್ವಾ?" ಅಂದ. ನಾನು ಕರಗಿಹೋದೆ.

ಆಮೇಲೆ ಅವನ ಗಾಡಿಗಳು ಬರತೊಡಗಿದವು. ಒಂದು ಹೋದರೆ ಇನ್ನೊಂದು. ಯಾವುದೂ ಅವನ ಬಳಿ ನಿಲ್ಲಲಿಲ್ಲ. ನಾವು ಬೆವರು ಸುರಿಸಿ ಎಬ್ಬಿಸಿದ ಗಾಡಿಗಳನ್ನೆಲ್ಲ ಬೆಂಗಳೂರಿಗೆ ಸಾಗಿಸಿದ. ಅದರಲ್ಲೊಂದು ಈಗ ಯಾವುದೋ ರೆಸಾರ್ಟಿನ ಬಾಗಿಲಲ್ಲಿ ಹೂಕುಂಡಗಳ ನಡುವೆ ನಿಂತಿದೆಯಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವನು ಕೊಟ್ಟ ಗೇರ್ ಬಾಕ್ಸ್ ನನ್ನ ಗಾಡಿಯಲ್ಲಿತ್ತು. "ಉಪ್ಪು ತಿಂದ್ರಿ, ಈಗ ನೀರು ಕುಡೀರಿ," ಎಂದು ಹೆಂಡತಿ ನಕ್ಕಳು.

ಕುಣಿಗಲ್ಲಿನಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ, ಈಗ ರಿಟೈರ್ಡ್. ಅವರ ಬಿಳಿ ಅಂಬಾಸಿಡರ್‌ನಲ್ಲಿ ಎಷ್ಟು ಹಳ್ಳಿಗಳ ಬಸುರಿಯರು ಆಸ್ಪತ್ರೆ ಸೇರಿದರೋ. ಕೇಳಿಕೊಂಡು ಬಂದ ದಲ್ಲಾಳಿಗಳನ್ನೆಲ್ಲ ಅವರು ಗೇಟಿನಿಂದಲೇ ಓಡಿಸಿದ್ದರು. ಆಗಾಗ ಹೋಗಿ ಬ್ಯಾಟರಿ ನೋಡಿ ಬರುತ್ತಿದ್ದ ನನಗೆ, "ಓಡ್ಸೋರಿಗೆ ಕೊಡ್ತೀನಿ ಕಣಪ್ಪ, ಮಾರೋರಿಗಲ್ಲ," ಅನ್ನುತ್ತಿದ್ದರು.

ಹೋದ ಭಾನುವಾರ ಗುಬ್ಬಿಯವನು ಅದೇ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದ.

"ಇದು ಹೆಂಗೋ ಸಿಕ್ತು ನಿಂಗೆ?"

"ನೀವೇ ರೆಡಿ ಮಾಡ್ತೀರಿ ಅಂದೆ ಅಣ್ಣ. ತಕ್ಷಣ ಕೀ ಕೊಟ್ರು."

ಅವನು ಸುಳ್ಳೂ ಹೇಳಿರಲಿಲ್ಲ. "ಮಾರ್ತೀಯಾ?" ಎಂದೆ. "ಬುಧವಾರ ಪಾರ್ಟಿ ಬತ್ತದೆ," ಎಂದ, ಮಳೆ ಬರುತ್ತದೆ ಅನ್ನುವಷ್ಟು ಸಲೀಸಾಗಿ.

ಅಷ್ಟರಲ್ಲಿ ಉಳಿದವರು ಬಾನೆಟ್ ಎತ್ತಿ, "ಬಾರಣ್ಣ, ನೀನೇ ನೋಡ್ಬೇಕು," ಎಂದು ಕರೆದರು. ಸ್ಪ್ಯಾನರ್ ಬಿಸಾಡಿ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದೆ. ಕೆಟ್ಟದಾಗಿ ಮಾಡೋಣವೆಂದರೆ ಹಾಳು ಕೈ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಹಿಡಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು.

"ಅಣ್ಣ, ಇನ್ನೊಂದ್ಸಲ ಸ್ಟಾರ್ಟ್ ಮಾಡಿ, ಪಾರ್ಟಿಗೆ ವಿಡಿಯೋ ಕಳುಸ್ಬೇಕು," ಎಂದ ಗುಬ್ಬಿಯವನು. ಮಾಡಿದೆ.

ಅದೇ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು. ಎಂಜಿನ್ ಓಡುತ್ತಿರುವಾಗಲೇ ಎತ್ತಿದೆ. ಡಾಕ್ಟರಮ್ಮ. "ಅಯ್ಯೋ, ನನ್ನ ಗಾಡಿ ಸದ್ದೇ ಅಲ್ವೇನಪ್ಪ ಅದು? ಅಂತೂ ನಿನ್ನ ಕೈ ಸೇರ್ತಲ್ಲ, ನನಗಷ್ಟೇ ಸಾಕು. ಮುಂದಿನ ಭಾನುವಾರ ತಗೊಂಡ್ ಬಾ, ಒಂದ್ ರೌಂಡ್ ಹೋಗ್ಬರೋಣ."

ನಿಜ ಹೇಳಬೇಕೆಂದು ಬಾಯಿ ತೆರೆದೆ. ಎದುರಿಗೆ ಅವನು ನಿಂತಿದ್ದ. ಕೀ ತಿರುಗಿಸಿ ಎಂಜಿನ್ ಆರಿಸಿದೆ.

"ಆಯ್ತಮ್ಮ, ಬರ್ತೀನಿ," ಎಂದೆ.

ಆ ದಿನದ ಗಾಡಿಯ ಯಜಮಾನ ಅವನೇ. ಪದ್ಧತಿ ತಪ್ಪದೆ ಎಲ್ಲರಿಗೂ ತಟ್ಟೆ ಇಡ್ಲಿ ತಂದಿದ್ದ. ಮೊದಲ ತಟ್ಟೆ ನನಗೇ ಕೊಟ್ಟ. ತಿಂದೆ.