ಮುಟ್ಬೇಡಜ್ಜಿ ವಿಜ್ಞಾನ ನೋಡಲು ಹೋದದ್ದು

ಅವಳಿಗೆ ಮುಟ್ಬೇಡಜ್ಜಿ ಎಂದು ಹೆಸರಿಟ್ಟವನು ಸ್ವಂತ ಮೊಮ್ಮಗನೇ. ಹೆಸರು ಪುಕ್ಕಟೆ ಬಂದದ್ದಲ್ಲ, ದುಡಿದು ಸಂಪಾದಿಸಿದ್ದು. ಅಜ್ಜಿ ಒಂದು ಹಳೆಯ ವಸ್ತುಸಂಗ್ರಹಾಲಯದಲ್ಲಿ ಜೀವಮಾನವಿಡೀ ಕಾವಲಿನ ಕೆಲಸ ಮಾಡಿದವಳು. ತುಕ್ಕು ಹಿಡಿದ ಕತ್ತಿ, ಮೂಗು ಮುರಿದ ಕಲ್ಲಿನ ಮೂರ್ತಿ, ಯಾವನೋ ರಾಜ ಕೂತಿದ್ದನೆಂದು ಹೇಳಲಾಗುವ, ಈಗ ಗೆದ್ದಲೂ ಮೂಸಿ ನೋಡದ ಕುರ್ಚಿ, ಇವುಗಳ ಮಾನ ಕಾಪಾಡುವುದೇ ಅವಳ ಉದ್ಯೋಗ. ಯಾರಾದರೂ ಗಾಜಿನ ಕಡೆ ಬೆರಳೆತ್ತಿದರೆ ಸಾಕು, "ಮುಟ್ಬೇಡಿ!" ಎಂದು ಗುಡುಗುತ್ತಿದ್ದಳು. ಜನ ಕತ್ತಿಗಿಂತ ಅವಳಿಗೇ ಹೆಚ್ಚು ಹೆದರುತ್ತಿದ್ದರು.

ನಿವೃತ್ತಿಯಾದಾಗ ಸಮವಸ್ತ್ರವನ್ನು ಕಚೇರಿಗೆ ಒಪ್ಪಿಸಿದಳು. ಗುಡುಗನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ, ಅದು ಅವಳ ಜೊತೆ ಮನೆಗೆ ಬಂತು. ಮನೆಯಲ್ಲೀಗ ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಸೋಫಾಕ್ಕೆ ಹೊದಿಕೆ, ಆ ಹೊದಿಕೆ ಕೊಳೆಯಾಗದಂತೆ ಅದರ ಮೇಲೆ ಇನ್ನೊಂದು ಹೊದಿಕೆ. ಮೊಮ್ಮಕ್ಕಳು ಬಂದರೆ ನಡುಮನೆಯಲ್ಲಿ ನಿಂತು ಎಲ್ಲವನ್ನೂ ಕಣ್ತುಂಬ ನೋಡಿಕೊಂಡು ಹೊರಡಬಹುದಿತ್ತು. ಟಿಕೆಟ್ ಒಂದು ಇರಲಿಲ್ಲ, ಅಷ್ಟೇ.

ಈ ಸಲ ರಜೆಗೆ ಅಜ್ಜಿ ಮನೆಗೆ ಹೋಗುವುದಿಲ್ಲ ಎಂದು ಮೊಮ್ಮಗ, ಮೊಮ್ಮಗಳು ಇಬ್ಬರೂ ಪಟ್ಟು ಹಿಡಿದರು. ಆ ರಜೆಗಾಗಿ ಅಜ್ಜಿ ವರ್ಷವಿಡೀ ಕಾಯುತ್ತಿದ್ದಳು. ಹಾಗೆಂದು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಆ ಮಾತು ಬೇರೆ. ಕೊನೆಗೆ ಮಗಳೇ ಒಂದು ದಾರಿ ತೋರಿಸಿದಳು.

"ಅಮ್ಮಾ, ಭಾನುವಾರ ಇವರಿಬ್ಬರನ್ನ ಆ ಹೊಸ ವಿಜ್ಞಾನ ಕೇಂದ್ರಕ್ಕೆ ನೀನೇ ಕರ್ಕೊಂಡು ಹೋಗು. ಖುಷಿಯಾದ್ರೆ ಅವರೇ ರಜಕ್ಕೆ ಬರ್ತೀವಿ ಅಂತಾರೆ. ಆದ್ರೆ ದಯವಿಟ್ಟು ಅಲ್ಲಿ ಬಾಯಿ ತೆಗೀಬೇಡ."

"ನಾನ್ಯಾಕೆ ಬಾಯಿ ತೆಗೀಲಿ? ಅಂಥ ಜಾಗ ನನಗೇನು ಹೊಸದಾ?" ಅಂದಳು ಅಜ್ಜಿ. ಮಗಳ ಹೆದರಿಕೆಯೂ ಅದೇ ಆಗಿತ್ತು.

ಬಾಗಿಲಲ್ಲೇ ದೊಡ್ಡ ಫಲಕ: 'ಎಲ್ಲವನ್ನೂ ಮುಟ್ಟಿ ನೋಡಿ.' ಬರೆದವನು ಕೆಲಸಕ್ಕೆ ಹೊಸಬನಿರಬೇಕು, ಪಾಪ, ಇಷ್ಟರಲ್ಲೇ ಮನೆಗೆ ಕಳಿಸುತ್ತಾರೆ ಎಂದುಕೊಂಡಳು ಅಜ್ಜಿ. ಒಳಗೆ ಕಾಲಿಟ್ಟರೆ ಲೋಕವೇ ಕೆಟ್ಟುಹೋಗಿತ್ತು. ಮಕ್ಕಳು ಚಕ್ರ ತಿರುಗಿಸುತ್ತಿದ್ದರು, ಹಗ್ಗ ಜಗ್ಗುತ್ತಿದ್ದರು, ನೀರಿನ ತೊಟ್ಟಿಯಲ್ಲಿ ಮೊಣಕೈತನಕ ಕೈ ಅದ್ದಿದ್ದರು. ಅಲ್ಲಿನ ಸಿಬ್ಬಂದಿ ಅದನ್ನೆಲ್ಲ ನಗುನಗುತ್ತಾ ನೋಡುತ್ತಿದ್ದರು, ಅದೂ ಸಂಬಳ ತಗೊಂಡು! ಅಜ್ಜಿ ಹಲ್ಲು ಕಚ್ಚಿ ತಡೆದುಕೊಂಡಳು. ಇಷ್ಟು ಕಷ್ಟದ ಡ್ಯೂಟಿ ಅವಳಿಗೆ ಯಾವತ್ತೂ ಬಿದ್ದಿರಲಿಲ್ಲ.

ಒಂದು ಕಡೆ ಲೋಹದ ದೊಡ್ಡ ಗುಂಡು ಇತ್ತು. ಅದರ ಮೇಲೆ ಕೈಯಿಟ್ಟರೆ ಮೈಗೆ ವಿದ್ಯುತ್ ಹರಿದು ಕೂದಲು ನೆಟ್ಟಗೆ ನಿಲ್ಲುತ್ತದಂತೆ. ಮೊಮ್ಮಗಳು ಜುಟ್ಟು ಬಿಚ್ಚಿ ಕೈಯಿಟ್ಟಳು. ಕೂದಲು ದಿಕ್ಕಾಪಾಲಾಗಿ ಎದ್ದು ನಿಂತಿತು, ಹುಡುಗಿ ಕಿಲಕಿಲ ನಕ್ಕಳು. ಅಜ್ಜಿ ಅದನ್ನೂ ನುಂಗಿಕೊಂಡಳು. ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳ ದಂಡು ಬಂದು ಗುಂಡಿನ ಮೇಲೆ ಮುಗಿಬಿತ್ತು. ಅಜ್ಜಿಯ ಬಾಯಿ ಅಜ್ಜಿಯನ್ನು ಕೇಳದೆಯೇ ತೆರೆದುಕೊಂಡಿತು.

"ಮುಟ್ಬೇಡಿ! ಹಿಂದಕ್ಕೆ ಸರೀರಿ! ಕೈ ಹಿಂದೆ!"

ಹಜಾರ ಗಪ್‌ಚುಪ್. ಮಕ್ಕಳು ಕೈ ಹಿಂದೆ ಕಟ್ಟಿ ಸಾಲಾಗಿ ನಿಂತರು. ಅವರ ಟೀಚರೂ ನಿಂತರು. ಗುಂಡಿನ ವಿಷಯ ವಿವರಿಸುತ್ತಿದ್ದ ಸಿಬ್ಬಂದಿಯ ಯುವಕನೂ ಯಾಕೆಂದು ತಿಳಿಯದೆ ಕೈ ಕಟ್ಟಿದ. ಅಜ್ಜಿಗೆ ಒಂದು ಗಳಿಗೆ ಹೋದ ಜೀವ ಬಂದಂತಾಯಿತು.

"ಇವರು ನಿಮ್ಮಜ್ಜೀನಾ?" ಸುಧಾರಿಸಿಕೊಂಡ ಯುವಕ ಮೊಮ್ಮಗನನ್ನು ಕೇಳಿದ.

"ನಮಗೆ ಗೊತ್ತಿಲ್ಲ" ಅಂದ ಮೊಮ್ಮಗ, ತಂಗಿಯ ಕೈ ಹಿಡಿದು ಹಜಾರದ ಆ ತುದಿಗೆ ಓಡಿದ.

ಅಜ್ಜಿ ಈ ತುದಿಯ ಬೆಂಚೊಂದರ ಮೇಲೆ ಕುಸಿದಳು. ರಜೆಯ ಆಸೆಗೆ ತಾನೇ ಕೈಯಾರೆ ಕಲ್ಲು ಹಾಕಿಕೊಂಡಾಗಿತ್ತು. ಬೆಂಚಿನ ಹಿಂದೆ ಗೋಡೆಯಲ್ಲಿ ಆಳೆತ್ತರದ ಗುಂಡನೆಯ ತಟ್ಟೆಯಿತ್ತು, ಅಂಥದ್ದೇ ಇನ್ನೊಂದು ಎದುರು ತುದಿಯಲ್ಲಿ. ಅಲ್ಲಿ ಪಿಸುಗುಟ್ಟಿದ್ದು ಇಲ್ಲಿ ಕೂತವರಿಗೆ ಕೇಳಿಸುತ್ತದೆ ಎಂದು ಪಕ್ಕದಲ್ಲೇ ಬರೆದಿದ್ದರು. ಆ ಕಟ್ಟಡದ ಫಲಕಗಳ ಮೇಲೆ ಅಜ್ಜಿಗೆ ನಂಬಿಕೆ ಹೋಗಿತ್ತು, ಓದಲಿಲ್ಲ. ಹಾಗಾಗಿ ಕಿವಿಯ ಬಳಿಯೇ ಮೊಮ್ಮಗಳ ದನಿ ಕೇಳಿದಾಗ ಬೆಚ್ಚಿಬಿದ್ದಳು.

"ಅಣ್ಣಾ, ಅಜ್ಜಿಗೆ ನಾವಂದ್ರೆ ಇಷ್ಟ ಇಲ್ವಾ?"

"ಅವಳಿಗೆ ಅವಳ ಸಾಮಾನು ಇಷ್ಟ."

"ಸಾಮಾನನ್ನಾದ್ರೂ ದಿನಾ ಒರೆಸ್ತಾಳೆ. ನಮ್ಮನ್ನ ಮುಟ್ಟೋದೇ ಇಲ್ಲ."

ಅಜ್ಜಿ ತಲೆಯೆತ್ತಿ ನೋಡಿದಳು. ದೂರದಲ್ಲಿ ಇಬ್ಬರೂ ತಟ್ಟೆಯ ಮುಂದೆ ಮುದುರಿ ಕೂತಿದ್ದರು. ಆ ಹುಡುಗಿಯನ್ನು ಕೊನೆಯ ಸಲ ಎತ್ತಿಕೊಂಡದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದಳು. ನೆನಪಾಗಲಿಲ್ಲ. ರಾಜನ ಕುರ್ಚಿಯ ಯಾವ ಕಾಲು ಸೀಳಿದೆ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು. ಅವಳಿಗೆ ನಾಚಿಕೆಯಾಯಿತು, ಅಳು ಬಂತು.

ಎದ್ದು ಹಜಾರ ದಾಟಿ ಹೋದಳು. ಮೊಮ್ಮಗಳ ಕೂದಲು ಇನ್ನೂ ಕೆದರಿಕೊಂಡೇ ಇತ್ತು. ಅಜ್ಜಿ ಕೈ ಚಾಚಿದಳು. ಕೈ ಅರ್ಧದಲ್ಲೇ ನಿಂತಿತು.

"ಮುಟ್ಲಾ?" ಎಂದು ಕೇಳಿದಳು.

ಹುಡುಗಿ ಅಣ್ಣನ ಮುಖ ನೋಡಿದಳು. ಅವನು ಎತ್ತಲೋ ನೋಡುತ್ತಿದ್ದ.

"ಎಳೀಬಾರ್ದು ಮತ್ತೆ," ಅಂದು ತಲೆ ಬಗ್ಗಿಸಿದಳು.

ಅಜ್ಜಿ ಬೆರಳಿನಿಂದಲೇ ಸಿಕ್ಕು ಬಿಡಿಸತೊಡಗಿದಳು.

"ರಜಕ್ಕೆ ಬರ್ತೀನಿ ಅಂತ ನಾನೇನೂ ಹೇಳಿಲ್ಲ," ಎಂದಳು ಹುಡುಗಿ, ಅಜ್ಜಿಯ ಹೊಟ್ಟೆಗೆ ಹಣೆ ಒತ್ತಿಕೊಂಡು.