ಸಣ್ಣವ್ವನ ವನ್ಸ್‌ಮೋರ್

ಕರೆದ ಊರಿಗೆಲ್ಲ ಸಣ್ಣವ್ವ ಹೋಗುತ್ತಿದ್ದಳು. ಆದರೆ ಕೂಗಿದವರಿಗೆಲ್ಲ ಹಾಡುತ್ತಿರಲಿಲ್ಲ.

ಗಂಗಾವತಿಯಲ್ಲಿ ನಾಟಕದ ಕಂಪನಿಗಳು ಡೇರೆ ಹಾಕಿ ಹೋದಮೇಲೆ ಈ ಸೀಮೆಯ ಜನಕ್ಕೆ ವನ್ಸ್‌ಮೋರ್ ಎಂಬ ಚಟ ಹತ್ತಿತ್ತು. ಸತ್ತು ಬಿದ್ದ ರಾಜನನ್ನು ಎಬ್ಬಿಸಿ ಹಾಡಿಸುವುದು, ಮತ್ತೆ ಸಾಯಿಸುವುದು. ರಾಜನಿಗೂ ಅದೇ ಬೇಕಾಗಿರುತ್ತಿತ್ತು. ಕೂಗಲಿಕ್ಕೆಂದೇ ಪುಕ್ಕಟೆ ಟಿಕೀಟು ಕೊಟ್ಟು ಮಂದಿಯನ್ನು ಕೂರಿಸುವ ಮಾಲೀಕರೂ ಇದ್ದರು. ಆ ಚಟ ಗೀಗೀ ಮೇಳಗಳಿಗೂ ಹರಿದು ಬಂತು. ಕೆಲವರು ತಮ್ಮ ಭಾವ-ಮೈದುನರನ್ನೇ ಕಟ್ಟಿಕೊಂಡು ತಿರುಗಿದರು: ಇವರು ಹಾಡುವುದು, ಅವರು ಕೂಗುವುದು. ಸಣ್ಣವ್ವ ಅಂಥವರ ಹೆಸರೆತ್ತಿದರೆ ತಂಬಾಕು ಉಗುಳುತ್ತಿದ್ದಳು. ಮುಂದೆ ನಿಜಾಮರ ವಿರುದ್ಧ ಎದ್ದ ಚಳವಳಿಯಲ್ಲೂ ಅಂಥವರಿಗೆ ಬರ ಇರಲಿಲ್ಲ ಬಿಡಿ. ಕೊರಳಿಗೆ ಹಾರ ಬೀಳುವ ತನಕ ಭಾಷಣ ಮುಗಿಸದ ಮುಖಂಡರು ಬೇಕಾದಷ್ಟಿದ್ದರು.

ಸಣ್ಣವ್ವನದು ಮೈಲಿ ಕಲೆಯ ಮುಖ, ಬಿಸಿಲಿಗೆ ಸುಟ್ಟ ಮೈ, ಗಂಡಸಿನಂಥ ದನಿ. ಹಾಡು ಕಲಿತದ್ದು ಗೌಡರ ಹೊಲದಲ್ಲಿ ಕಳೆ ಕೀಳುತ್ತ, ತಾಯಿಯ ಬೆನ್ನ ಹಿಂದೆ. ಪದ ಕಟ್ಟುವುದು ಮಾತ್ರ ಅವಳದೇ. ದಪ್ಪು ಬಡಿಯುತ್ತ ಮುಂದೆ ಹಾಡುವವಳು ಅವಳು. ಹಿಂದೆ ತುಂತುಣಿ ಮೀಟುವವನು ಗಂಡ ಮುದಿಯಪ್ಪ. ತಾಳ ಹಾಕುವವನು ಮುದಿಯಪ್ಪನ ಚಿಕ್ಕಪ್ಪನ ಮಗ ಲಕ್ಷ್ಮಣಪ್ಪ. ಅವಳು ನುಡಿ ಮುಗಿಸಿದ ಕೂಡಲೇ ಹಿಂದಿನವರಿಬ್ಬರೂ ‘ಗೀಯ ಗೀಯ’ ಎಂದು ಎಳೆದು, ದನಿಯನ್ನು ಮೆಲ್ಲಗೆ ಕೆಳಗಿಳಿಸಬೇಕು. ಅದು ಇಳಿಯದೆ ಹಾಡು ಮುಗಿದಂತಲ್ಲ. ಇದು ಈ ಕಡೆಯ ದನ ಕಾಯುವವರಿಗೂ ಗೊತ್ತು.

ಕುಷ್ಟಗಿ ಕಡೆಯ ಗೌಡರೊಬ್ಬರ ಮನೆಯ ಮದುವೆಯಲ್ಲಿ, ಮೂವತ್ತಾರೋ ಮೂವತ್ತೇಳೋ ಇಸವಿ, ಗೌಡರ ಅಳಿಯ ಹೊರಸಿನ ಮೇಲೆ ಬಿದ್ದುಕೊಂಡಿದ್ದವನು ಹಾಡು ಮುಗಿದದ್ದೇ ಎದ್ದು ಕುಳಿತು ವನ್ಸ್‌ಮೋರ್ ಅಂದ. ಸಣ್ಣವ್ವ ದಪ್ಪು ನೆಲಕ್ಕಿಟ್ಟಳು.

“ಹಾಡು ಕೇಳಿ ಕೂಗಿದ್ರ ಹಾಡ್ತಿದ್ದೆರಿ. ಇವರು ನಿದ್ದಿಯಿಂದ ಎದ್ದು ಕೂಗ್ಯಾರ,” ಅಂದಳು. “ಕೂಗು ಎದಿಯೊಳಗಿಂದ ಬರ್ಲಿಲ್ರಿ, ಸೇಂದಿ ಗಡಿಗಿಯೊಳಗಿಂದ ಬಂತು.”

ಮದುವೆ ಊಟ ಹೋಯಿತು. ಹಸಿದ ಹೊಟ್ಟೆಯಲ್ಲಿ ಊರಿಗೆ ನಡೆದು ಬರುವಾಗ ಮುದಿಯಪ್ಪ ದಾರಿಯುದ್ದಕ್ಕೂ ಬೈದ. ಒಂದು ನುಡಿ ಹಾಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಅವನ ತಕರಾರು. ಅವಳು ದಾರಿಬದಿಯ ಹೊಲದಿಂದ ಕಡಲೆ ಗಿಡ ಕಿತ್ತು ಅವನ ಕೈಗೆ ಕೊಟ್ಟು ಬಾಯಿ ಮುಚ್ಚಿಸಿದಳು.

ನಲವತ್ತೇಳರಲ್ಲಿ ಗಡಿಯಾಚೆ ಬಾವುಟ ಹಾರಿತು. ಈಚೆ, ನಿಜಾಮರ ಸೀಮೆಯಲ್ಲಿ, ಅದೇ ಬಾವುಟ ಹಿಡಿದವರ ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು. ಲಕ್ಷ್ಮಣಪ್ಪ ಆಗಲೇ ಚಳವಳಿಗೆ ಬಿದ್ದಿದ್ದ. ಸರಕಾರ ರೈತರಿಂದ ಕಡ್ಡಾಯವಾಗಿ ಅಳೆದುಕೊಳ್ಳುತ್ತಿದ್ದ ಲೆವಿ ಜೋಳದ ಮೇಲೆ ಸಣ್ಣವ್ವ ಒಂದು ಪದ ಕಟ್ಟಿದಳು. ‘ಬಿತ್ತಿದವರು ನಾವು, ಬೆವತವರು ನಾವು, ಅಳಕೊಂಡು ಹೋಗಾಂವ ಯಾರೋ ನೀನು’ ಎಂದು ಅದರ ಮೊದಲ ಸಾಲು. ಯಲಬುರ್ಗಾ ಸೀಮೆಯ ಒಂದು ಸಂತೆಯಲ್ಲಿ ಹಾಡುವುದು, ಪೊಲೀಸರು ಬರುವುದರೊಳಗೆ ಮಂದಿಯಲ್ಲಿ ಕರಗುವುದು, ಹಳ್ಳದ ದಂಡೆಗೆ ನಿಂತ ಚಕ್ಕಡಿ ಹತ್ತಿ ಗಡಿಯಾಚೆಯ ಚಳವಳಿಗಾರರ ಶಿಬಿರ ಸೇರುವುದು ಎಂದು ಮಾತಾಯಿತು. ಸಿಕ್ಕರೆ ಜೈಲು, ಅದಕ್ಕೂ ಮೊದಲು ಲಾಠಿ.

“ಅತ್ತಿಗಿ, ಒಂದ ಸಲ. ದೇವರು ಇಳಿದು ಬಂದು ಕೇಳಿದ್ರೂ ಒಂದ ಸಲ,” ಎಂದು ಲಕ್ಷ್ಮಣಪ್ಪ ಹೇಳಿಟ್ಟಿದ್ದ. ಸಣ್ಣವ್ವ ಒಪ್ಪಿದ್ದಳು.

ಮಟಮಟ ಮಧ್ಯಾಹ್ನ. ಹಾಡು ಏರುತ್ತಿದ್ದಂತೆ ಸಂತೆಯ ಗದ್ದಲ ತಾನಾಗಿ ಇಳಿಯಿತು. ಕೊನೆಯ ನುಡಿ ಮುಗಿಸಿ ಅವಳು ಉಸಿರು ತೆಗೆದುಕೊಂಡಳು. ಹಿಂದಿನವರು ಗೀಯ ಎತ್ತಿದ್ದರು. ಅದು ಅರ್ಧಕ್ಕೂ ಇಳಿದಿರಲಿಲ್ಲ, ಶೇಂಗಾ ರಾಶಿಯ ಕಡೆಯಿಂದ ಒಬ್ಬ ಗಟ್ಟಿಯಾಗಿ “ವನ್ಸ್‌ಮೋರ್” ಅಂದ.

ಅವಳು ಆ ಕಡೆ ತಿರುಗಿ ನೋಡಿದಳು. ಗೀಯ ಇಳಿಯುವ ತನಕ ತಡೆಯದವನು ಈ ಸೀಮೆಯವನಲ್ಲ. ಯಾವುದೋ ಪಟ್ಟಣದ ನಾಟಕ ನೋಡಿ ಕೂಗುವುದನ್ನು ಕಲಿತವನು. ಈ ಊರಲ್ಲಿ ಇವತ್ತು ಅಂಥವನಿಗೇನು ಕೆಲಸ? ಪೊಲೀಸರು ಬರುವ ತನಕ ತಮ್ಮನ್ನು ನಿಲ್ಲಿಸಿಕೊಳ್ಳಲಿಕ್ಕೇ ಕೂಗಿದ್ದಾನೆ.

“ಇದು ಹಿಡ್ಯಾಕ ಬಂದಾವನ ಕೂಗು. ನಡೀರಿ,” ಅಂದಳು. ಲಕ್ಷ್ಮಣಪ್ಪ ತಾಳವನ್ನು ಹೆಗಲ ವಲ್ಲಿಯಲ್ಲಿ ಸುತ್ತಿ ಮುಂದಾದ.

ಬಳೆ ಮಾರುವ ಹಜರತಬೀ ಅವಳ ಸೆರಗು ಹಿಡಿದಳು. “ಯವ್ವಾ, ಇನ್ನೊಮ್ಮೆ ಅನ್ನವಾ. ಛಲೋ ಐತಿ, ಆದ್ರ ಬಾಯಾಗ ಕುಂದ್ರವಲ್ದು.”

ಅವಳ ಹಿಂದೆ ಉಳ್ಳಾಗಡ್ಡಿ ಬುಟ್ಟಿಯ ಹೆಂಗಸರು, ಕಂಬಳಿ ಮಾರುವವರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಕೂಗಲಿಲ್ಲ. ಕೆಲವರ ತುಟಿಗಳು ಮಾತ್ರ ಆಡುತ್ತಿದ್ದವು. ಅವರು ಸಣ್ಣವ್ವನನ್ನು ಮೆಚ್ಚಿ ನಿಂತಿರಲಿಲ್ಲ. ಪದ ಬೇಕಾಗಿ ನಿಂತಿದ್ದರು. ಓದು ಬರಹ ಬಾರದ ಆ ಮಂದಿಗೆ ಅದನ್ನು ಮನೆಗೆ ಒಯ್ಯಲು ಬಾಯಿ ಬಿಟ್ಟರೆ ಬೇರೆ ಚೀಲ ಇರಲಿಲ್ಲ. ಅಷ್ಟು ವರ್ಷ ಹಾಡಿದವಳಿಗೆ ಇಂಥ ಬೇಡಿಕೆ ಬಂದದ್ದು ಅದೇ ಮೊದಲು.

“ಆ ಕಳ್ಳ ಕೂಗಿದ್ದಕ್ಕಲ್ಲ, ಈಕಿ ಕೇಳಿದ್ದಕ್ಕ ಹಾಡ್ತೀನಿ,” ಅಂದಳು. ಶಿಬಿರದಲ್ಲಿ ನಿನ್ನ ಕೆಲಸ ಇದೆ, ಹೋಗು ಎಂದು ಲಕ್ಷ್ಮಣಪ್ಪನನ್ನು ದಬ್ಬಿದಳು. ಅವನು ಹಲ್ಲು ಕಡಿಯುತ್ತ ಹೋದ. ಗಂಡನಿಗೂ ಹೋಗೆಂದಳು.

“ನಾ ಹೋದ್ರ ಹಿಂದ ಗೀಯ ಅನ್ನಾವರು ಯಾರು, ಸಂತ್ಯಾಗ ಒದರೋ ಕತ್ತಿಗುಳೇನು?” ಎಂದು ಮುದಿಯಪ್ಪ ಗೊಣಗಿ ತುಂತುಣಿಯ ತಂತಿ ಬಿಗಿದ.

ಈ ಸಲ ಅವಳು ದನಿ ಏರಿಸಲಿಲ್ಲ, ಮೆರೆಯಲಿಲ್ಲ. ಕೂಸಿಗೆ ತುತ್ತು ಇಟ್ಟಂತೆ ಒಂದೊಂದೇ ಸಾಲು ನಿಧಾನ ಇಟ್ಟಳು. ಸುತ್ತಲಿನ ಬಾಯಿಗಳು ಅವಳ ಹಿಂದೆಯೇ ಅಂದುಕೊಂಡವು. ನಡುವೆ ಲಾಠಿ ಬಂತು. ದಪ್ಪಿನ ಚರ್ಮ ಹರಿಯಿತು, ಮೊಣಕೈ ಒಡೆಯಿತು. ಬರೀ ಬಾಯಲ್ಲೇ ಪದ ಮುಗಿಸಿ, ಗೀಯ ಪೂರಾ ಇಳಿದಮೇಲೆ ಕೈ ಮುಂದೆ ಚಾಚಿದಳು.

ಶೇಂಗಾ ರಾಶಿಯ ಆಸಾಮಿಯೇ ಗಂಡ ಹೆಂಡತಿ ಇಬ್ಬರಿಗೂ ಹಗ್ಗ ಬಿಗಿದ. ತನ್ನ ಕೂಗಿಗೆ ನಿಂತಳೆಂದು ಅವನಿಗೆ ಹಿಗ್ಗು.

ಎಳೆದುಕೊಂಡು ಹೋಗುವಾಗ ಹಿಂದೆ ಸಂತೆಯೊಳಗಿಂದ ಹಾಡು ಸಣ್ಣಗೆ ಎದ್ದಿತು. ಯಾವ ಬಾಯಿ ಎಂದು ಪೊಲೀಸರು ತಿರುತಿರುಗಿ ನೋಡಿದರು. ಸಣ್ಣವ್ವ ತಿರುಗಲಿಲ್ಲ, ತಿರುಗಿದರೆ ಹಾಡಿದವರನ್ನು ತೋರಿಸಿಕೊಟ್ಟಂತೆ. ಆದರೆ ಹಾಡು ಮೊದಲ ನುಡಿಯಿಂದ ಮೂರನೆಯದಕ್ಕೆ ಹಾರಿತು. ಅದನ್ನು ತಡೆದುಕೊಳ್ಳುವುದು ಅವಳಿಂದಾಗಲಿಲ್ಲ. ಪಕ್ಕದಲ್ಲಿ ತುಟಿ ಬಿಚ್ಚದೆ ಬರುತ್ತಿದ್ದ ಗಂಡನಿಗೆ ಸಂತೆಗೆಲ್ಲ ಕೇಳುವಂತೆ ಗದರಿದಳು:

“ಏನ್ರಿ, ಎರಡನೇ ನುಡಿ ನುಂಗಿ ಬಿಟ್ರೇನು? ಕಣದ ಮಾತು ಮೊದಲ ಬರ್ಬೇಕು, ಆಮ್ಯಾಲ ಚೀಲದ್ದು.”

ಮುದಿಯಪ್ಪ ಹಿಂದಿನ ಹಾಡಿಗೊಮ್ಮೆ ಕಿವಿಗೊಟ್ಟ. “ತಪ್ಪಾತು ಬಿಡ, ನಂದ ತಪ್ಪು,” ಅಂದ, ಅಷ್ಟೇ ಗಟ್ಟಿಯಾಗಿ.

ಹಿಂದೆ ಹಾಡು ನಿಂತಿತು. ಆಮೇಲೆ ಎರಡನೆಯ ನುಡಿಯಿಂದ ಮತ್ತೆ ಎದ್ದಿತು.